ಆಸೆ ತೋರಿಸುವ ಮೊದಲು ಲೆಕ್ಕ ತೋರಿಸಿ

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮೂರ ಹಾಲಿನ ಡೇರಿಯ ಜಗಲಿಯಲ್ಲಿ ‘ಇಂಗಾಲ ಕೃಷಿ ಅರಿವು ಸಭೆ’ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಹುಡುಗರು ಒಳ್ಳೆಯವರೇ, ತಾಳ್ಮೆಯಿಂದ ಮಾತಾಡಿದರು. ಉಳುಮೆ ಕಡಿಮೆ ಮಾಡಿ, ಕಬ್ಬಿನ ತರಗು ಸುಡಬೇಡಿ, ಬದುವಿನ ಮೇಲೆ ಗಿಡ ಹಾಕಿ, ನಿಮ್ಮ ಮಣ್ಣು ಗಾಳಿಯಲ್ಲಿರುವ ಇಂಗಾಲವನ್ನು ಹಿಡಿದಿಡುತ್ತದೆ, ಅದಕ್ಕೆ ಹಣ ಬರುತ್ತದೆ ಎಂದರು. ಹಿಂದೆ ಗೋಡೆಗೊರಗಿ ಕೂತಿದ್ದ ನಮ್ಮ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: “ಎಕರೆಗೆ ಎಷ್ಟು ಬತ್ತದಪ್ಪಾ, ಯಾವಾಗ ಬತ್ತದೆ?”

ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಹನ್ನೊಂದು ಪುಟದ ಇಂಗ್ಲಿಷ್ ಒಪ್ಪಂದ. ಹದಿನಾಲ್ಕು ಮಂದಿ ಅಲ್ಲೇ ಸಹಿ ಹಾಕಿ, ಆಧಾರ್ ಮತ್ತು ಪಹಣಿಯ ಜೆರಾಕ್ಸ್ ಕೊಟ್ಟು ಎದ್ದರು. ಒಪ್ಪಂದದ ಪ್ರತಿ ಒಬ್ಬರ ಕೈಗೂ ಬರಲಿಲ್ಲ.

ಇಂಗಾಲ ಕೃಷಿಯ ಬಗ್ಗೆ ರೈತರಲ್ಲಿ, ಯುವಜನರಲ್ಲಿ ಅರಿವು ಮೂಡಿಸಬೇಕು ಎಂಬ ಮಾತು ಈಗ ಎಲ್ಲ ವೇದಿಕೆಗಳಲ್ಲೂ ಕೇಳುತ್ತಿದೆ. ಮೂಡಿಸಲೇಬೇಕು. ಆದರೆ ಯಾವುದರ ಅರಿವು, ಯಾರು ಮೂಡಿಸುವುದು ಎಂಬಲ್ಲೇ ನನ್ನ ತಕರಾರಿರುವುದು. ಇಂದು ಹಳ್ಳಿಗಳಿಗೆ ಬರುತ್ತಿರುವ ಅರಿವಿನಲ್ಲಿ ಮುಕ್ಕಾಲು ಪಾಲು, ಹೀಗೆ ಹಿಡಿದಿಟ್ಟ ಇಂಗಾಲದ ಲೆಕ್ಕದಲ್ಲಿ ಮಾರುವ ‘ಕ್ರೆಡಿಟ್ಟಿನ’ ಪ್ರಚಾರ. ಮಣ್ಣಿನ ಪಾಠ ಅದರಲ್ಲಿ ಮುನ್ನುಡಿಯಷ್ಟೇ. ಕ್ರೆಡಿಟ್ ಮಾರಿ ಪಾಲು ಪಡೆಯುವವರೇ ಗುರುಗಳಾಗಿ ಬಂದರೆ, ಪಾಠದಲ್ಲಿ ಯಾವ ಅಧ್ಯಾಯ ಬಿಟ್ಟುಹೋಗುತ್ತದೆ ಎಂದು ಊಹಿಸುವುದು ಕಷ್ಟವೇನಲ್ಲ.

ಬಿಟ್ಟುಹೋಗುತ್ತಿರುವ ಅಧ್ಯಾಯ ಲೆಕ್ಕದ್ದು. ಚಿಕ್ಕಪ್ಪನ ಪ್ರಶ್ನೆಗೆ ಆ ದಿನ ಸಿಗದ ಉತ್ತರವನ್ನು ಇಲ್ಲಿ ಹಾಕುತ್ತೇನೆ, ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಎಕರೆಯಲ್ಲಿ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 900 ಟನ್. ಅದರಲ್ಲಿ ಸಾವಯವ ಇಂಗಾಲ ಶೇ 0.4 ಇದ್ದದ್ದು ಶೇ 0.5ಕ್ಕೆ ಏರಿತು ಎನ್ನೋಣ. ಕೇಳಲು ಚಿಕ್ಕದಾದರೂ ನಮ್ಮ ಬಿಸಿಲಿನ ನಾಡಿನಲ್ಲಿ ಅದು ದೊಡ್ಡ ಸಾಧನೆ, ಏಕೆಂದರೆ ಹಾಕಿದ ಗೊಬ್ಬರದ ಬಹುಪಾಲು ಇಲ್ಲಿ ಬೇಗ ಕೊಳೆತು ಗಾಳಿಗೆ ಹೋಗುತ್ತದೆ. ಐದು ವರ್ಷ ಬಿಡದೆ ದುಡಿದು ಈ ಏರಿಕೆ ಸಾಧಿಸಿದರೆ ಮಣ್ಣಿಗೆ ಸೇರುವ ಇಂಗಾಲ 0.9 ಟನ್. ಮಾರುಕಟ್ಟೆ ಲೆಕ್ಕ ಹಾಕುವುದು ಇಂಗಾಲದ ಡೈಆಕ್ಸೈಡಿನಲ್ಲಿ. ಹಾಗಾಗಿ 3.67ರಿಂದ ಗುಣಿಸಬೇಕು. ಬರುವುದು 3.3 ಟನ್. ಟನ್ನಿಗೆ ಒಂದು ಕ್ರೆಡಿಟ್, ಅಂದರೆ ಮೂರು ಚಿಲ್ಲರೆ ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 800 ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೆ ಐದು ವರ್ಷಕ್ಕೆ 2,640 ರೂಪಾಯಿ, ವರ್ಷಕ್ಕೆ 528. ಅಳತೆಯವರು, ತಪಾಸಣೆಯವರು, ನೋಂದಣಿಯವರು, ಮಧ್ಯವರ್ತಿ ಕಂಪನಿ ಎಲ್ಲ ಸೇರಿ ಅರ್ಧ ಹಿಡಿದುಕೊಂಡರೆ ರೈತನ ಕೈಗೆ ವರ್ಷಕ್ಕೆ ಎಕರೆಗೆ 264 ರೂಪಾಯಿ. 45 ಕಿಲೋ ಯೂರಿಯಾ ಮೂಟೆಯ ಬೆಲೆ 266 ರೂಪಾಯಿ 50 ಪೈಸೆ.

ಬೆಲೆ ಎರಡರಷ್ಟಾಗಲಿ, ಪಾಲು ಹೆಚ್ಚಲಿ, ಆಗಲೂ ಈ ಹಣ ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟಿಗೆ ಗೊಬ್ಬರಕ್ಕೆ ಸಾಲದು. 2015-16ರ ಕೃಷಿ ಗಣತಿಯಂತೆ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್ ಇರುವಾಗ ಇದನ್ನು ‘ಹೆಚ್ಚುವರಿ ಆದಾಯ’ ಎಂದು ಕರೆದು ಯುವಕರನ್ನು ಊರಿನಲ್ಲಿ ಉಳಿಸಿಕೊಳ್ಳುವ ಮಾತಾಡುವುದು ಅನ್ಯಾಯ.

ಅನುಭವವೂ ಇದನ್ನೇ ಹೇಳುತ್ತಿದೆ. ಹರಿಯಾಣ ಮತ್ತು ಮಧ್ಯಪ್ರದೇಶದಲ್ಲಿ ಇಂಥ ಯೋಜನೆಗಳಿಗೆ ಸೇರಿದ ರೈತರ ನಡುವೆ ಸಂಶೋಧಕರು ಸಮೀಕ್ಷೆ ಮಾಡಿದಾಗ ಶೇ 99ರಷ್ಟು ಮಂದಿಗೆ ಕ್ರೆಡಿಟ್ಟಿನ ಹಣ ಬಂದೇ ಇರಲಿಲ್ಲ. ಶೇ 28ರಷ್ಟು ಮಂದಿ ಎರಡನೇ ವರ್ಷಕ್ಕೇ ಹೊಸ ಪದ್ಧತಿಯನ್ನು ಕೈಬಿಟ್ಟಿದ್ದರು. 2024ರ ಆಗಸ್ಟಿನಲ್ಲಿ, ಕ್ರೆಡಿಟ್‌ಗಳಿಗೆ ಮುದ್ರೆ ಒತ್ತುವ ಜಗತ್ತಿನ ಅತಿ ದೊಡ್ಡ ಸಂಸ್ಥೆ ವೆರಾ, ಚೀನಾದ 37 ಭತ್ತದ ಯೋಜನೆಗಳನ್ನು ನಿಯಮ ಪಾಲಿಸಿಲ್ಲವೆಂದು ತಿರಸ್ಕರಿಸಿತು. ಯೋಜನೆ ರದ್ದಾದರೆ ಕಂಪನಿ ಬೇರೆ ಕಡೆ ಹೋಗುತ್ತದೆ. ಗದ್ದೆಯವನು ಎಲ್ಲಿಗೆ ಹೋಗಬೇಕು?

ಇನ್ನು ಒಪ್ಪಂದದ ಅವಧಿ. ಮಣ್ಣಿಗೆ ಸೇರಿದ ಇಂಗಾಲ ಅಲ್ಲೇ ಉಳಿದರೆ ಮಾತ್ರ ಕ್ರೆಡಿಟ್ಟಿಗೆ ಅರ್ಥ. 2011ರಲ್ಲಿ ಇಂಗಾಲ ಕೃಷಿಗೆಂದೇ ಕಾನೂನು ಮಾಡಿದ ಆಸ್ಟ್ರೇಲಿಯಾದಲ್ಲಿ ಮಣ್ಣಿನ ಇಂಗಾಲವನ್ನು 25 ವರ್ಷ, ಇಲ್ಲವೇ 100 ವರ್ಷ ಕಾಯುವ ಹೊಣೆ ಭೂಮಾಲೀಕನ ಮೇಲಿದೆ. ಅಲ್ಲಿನವರು ಸಾವಿರಾರು ಎಕರೆಯ ಒಡೆಯರು, ವಕೀಲರನ್ನು ಇಟ್ಟುಕೊಂಡವರು. ನಮ್ಮಲ್ಲಿ ಎರಡು ಎಕರೆಯವನು ಮಗಳ ಮದುವೆಗೆ ಜಮೀನು ಮಾರಬೇಕಾಗುತ್ತದೆ, ಬರ ಬಂದರೆ ಬೆಳೆ ಬದಲಿಸಬೇಕಾಗುತ್ತದೆ. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಬೆಳೆಯೇ ಬಾರದ ಅಂಥ ವರ್ಷದಲ್ಲಿ ಮಣ್ಣಿಗೆ ಕಸಕಡ್ಡಿ ಸೇರುವುದೆಲ್ಲಿಂದ? ಸೇರದಿದ್ದರೆ ಒಪ್ಪಂದ ಮುರಿದವರು ಯಾರು, ಮಳೆಯೋ ರೈತನೋ? ಡೇರಿ ಜಗಲಿಯಲ್ಲಿ ಇದನ್ನು ಯಾರೂ ವಿವರಿಸಲಿಲ್ಲ.

ಸಹಿ ಹಾಕುವ ಹಕ್ಕು ಯಾರದು ಎನ್ನುವುದೂ ಅಷ್ಟೇ ಮುಖ್ಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಗೇಣಿಗೆ ಕೊಡುವುದು ನಿಷಿದ್ಧ. ವಾರಕ್ಕೆ, ಗುತ್ತಿಗೆಗೆ ಮಾಡುವವರು ಇದ್ದೇ ಇದ್ದಾರೆ, ಕಾಗದದ ಮೇಲೆ ಮಾತ್ರ ಇಲ್ಲ. ಪಹಣಿ ಪೇಟೆಯಲ್ಲಿರುವ ಅಣ್ಣನ ಹೆಸರಲ್ಲಿದೆ, ಗೊಬ್ಬರ ಹೊರುವವರು ಊರಲ್ಲಿರುವ ತಮ್ಮ ಮತ್ತು ಅವನ ಹೆಂಡತಿ. ತಿಪ್ಪೆಯಿಂದ ಹೊಲಕ್ಕೆ ಮಂಕರಿ ಹೊತ್ತ ಹೆಂಗಸಿನ ಹೆಸರು ಯಾವ ಒಪ್ಪಂದದಲ್ಲೂ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ನೋವಾಗುವುದು ಬೇರೆ ಒಂದು ನಿಯಮದಿಂದ. ಕ್ರೆಡಿಟ್ ಸಿಗಬೇಕಾದರೆ ರೈತ ಮಾಡುವ ಕೆಲಸ ‘ಹೊಸತು’ ಆಗಿರಬೇಕು. ಮೊದಲಿನಿಂದ ಮಾಡುತ್ತಿದ್ದುದಕ್ಕೆ ದುಡ್ಡಿಲ್ಲ. ಮಾರುಕಟ್ಟೆಯ ತರ್ಕದಲ್ಲಿ ಇದು ಸರಿಯಿರಬಹುದು. ಆದರೆ ರಾಗಿ ಹೊಲದಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳದ ಅಕ್ಕಡಿ ಸಾಲು ಬಿಡುವುದನ್ನು ಇವತ್ತಿಗೂ ಬಿಡದ ಅಜ್ಜಿಗೆ ಏನು ಹೇಳೋಣ? ಬೇಸಿಗೆಯಲ್ಲಿ ಕೆರೆಗೋಡು ಹೊಡೆದವರಿಗೆ, ಕುರಿಮಂದೆ ನಿಲ್ಲಿಸಿ ಕುರಿಗಾಹಿಗಳಿಗೆ ದವಸ ಅಳೆದುಕೊಟ್ಟವರಿಗೆ, ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು ಹೊತ್ತ ಮಲೆನಾಡಿನವರಿಗೆ? ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ರಾಸಾಯನಿಕ ದೂರವಿಟ್ಟು ಮಣ್ಣು ಕಟ್ಟಿದರು, ಸಾವಿರಾರು ರೈತರಿಗೆ ಅದನ್ನು ಕಲಿಸಿದರು. ಈ ಮಾರುಕಟ್ಟೆಯ ಪುಸ್ತಕದಲ್ಲಿ ಅಂಥವರ ದುಡಿಮೆಗೆ ಸೊನ್ನೆ. ನಿನ್ನೆಯವರೆಗೆ ತರಗಿಗೆ ಬೆಂಕಿ ಇಟ್ಟವನು ಇವತ್ತು ನಿಲ್ಲಿಸಿದರೆ ಅವನಿಗೆ ಬೆಲೆ. ಮಣ್ಣನ್ನು ಉಳಿಸಿಕೊಂಡವರನ್ನು ಬಿಟ್ಟು ಇಂಗಾಲ ಕೃಷಿಯ ಪಾಠ ಶುರುಮಾಡುವುದು ತಪ್ಪು.

‘ಹಾಗಾದರೆ ಬೇಡವೇ?’ ಎಂದು ಕೇಳುವವರಿದ್ದಾರೆ. ಬೇಕು, ತುರ್ತಾಗಿ ಬೇಕು. ಎಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದ ಮಣ್ಣಿನ ಸಾವಯವ ಇಂಗಾಲ ಶೇ 1ರಿಂದ ಶೇ 0.3ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಮಳೆಯಾಶ್ರಿತ ಪ್ರದೇಶ ಪ್ರಾಧಿಕಾರವೇ ಹೇಳಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡನ್ನು ತೆಗೆದು ನೋಡಿ. ಅದರಲ್ಲಿರುವ 12 ಅಂಶಗಳಲ್ಲಿ ಸಾವಯವ ಇಂಗಾಲವೂ ಒಂದು. ಶೇ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ಬರೆದಿರುತ್ತದೆ. ನಮ್ಮ ಊರಿನಲ್ಲಿ ನಾನು ನೋಡಿದ ಕಾರ್ಡುಗಳಲ್ಲಿ ಹೆಚ್ಚಿನವು ಹಾಗೇ ಇವೆ. ಆದರೆ ಕಾರ್ಡು ಹಿಡಿದುಕೊಂಡು ಅಂಗಡಿಗೆ ಹೋದವನು ಕೇಳುವುದು ಸಾರಜನಕ, ರಂಜಕ, ಪೊಟ್ಯಾಷ್. ಇಂಗಾಲದ ಸಾಲನ್ನು ಯಾರೂ ಓದಿ ಹೇಳುವುದಿಲ್ಲ.

ಓದಿ ಹೇಳುವುದು ಹೇಗೆಂದು ಈ ಬೇಸಿಗೆಯಲ್ಲಿ ಕಂಡೆ. ಪಿಯುಸಿ ಓದುತ್ತಿರುವ ಅಕ್ಕನ ಮಗನನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದೆ. ಬದುವಿನ ಹೊಂಗೆಮರದ ಬುಡದಿಂದ ಒಂದು ಹೆಂಟೆ, ನಾಲ್ಕು ಮಾರು ಆಚೆ ವರ್ಷಕ್ಕೆ ಎರಡು ಸಲ ರೋಟವೇಟರ್ ಹೊಡೆಯುವ ಜಾಗದಿಂದ ಒಂದು ಹೆಂಟೆ ತಂದೆವು. ಎರಡನ್ನೂ ನೆರಳಲ್ಲಿ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಟ್ಟೆವು. ಹೊಲದ ಹೆಂಟೆ ಒಂದೆರಡು ನಿಮಿಷದಲ್ಲೇ ಬಿರಿದು ಕುಸಿಯಿತು, ನೀರು ಚಹಾದ ಬಣ್ಣಕ್ಕೆ ತಿರುಗಿತು. ಹೊಂಗೆಬುಡದ್ದು ಒಂದಿಷ್ಟು ಗುಳ್ಳೆ ಬಿಟ್ಟು ಹಾಗೇ ಕೂತಿತು. ಅರ್ಧ ಗಂಟೆ ಕಳೆದರೂ ಅದರೊಳಗಿನ ಬೇರಿನ ಎಳೆಗಳು ಕಾಣುತ್ತಿದ್ದವು. ಹುಡುಗ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ಮಾಮ, ಹಂಗಾದ್ರೆ ಜೋರು ಮಳೆ ಬಂದಾಗ ನಮ್ಮ ಹೊಲಕ್ಕೂ ಹಿಂಗೇ ಆಗ್ತದಲ್ವಾ?” ಎಂದ. ಹೌದು, ಹಾಗೇ ಆಗುತ್ತದೆ. ಸೊಪ್ಪು, ಬೇರು, ಗೊಬ್ಬರ ಕೊಳೆತು ಉಳಿಯುವ ಅಂಟು ಮಣ್ಣಿನ ಕಣಗಳನ್ನು ಹಿಡಿದುಕೊಳ್ಳುತ್ತದೆ. ಹಿಂದಿನವರು ಅದನ್ನು ಮಣ್ಣಿನ ಕಸುವು ಎಂದರು, ನಾವು ಇಂಗಾಲ ಎನ್ನುತ್ತಿದ್ದೇವೆ. ಆ ಕಸುವಿನ ಮೊದಲ ಲಾಭ ರೈತನ ಬೆಳೆಗೇ. ಇಷ್ಟು ತಿಳಿಯಲು ಹುಡುಗನಿಗೆ ಎರಡು ಲೋಟ ಸಾಕಾಯಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆಯುತ್ತಿರುವ ರಾಗಿ ಪ್ರಯೋಗ ಹೇಳುವುದೂ ಇದನ್ನೇ. ಕೊಟ್ಟಿಗೆ ಗೊಬ್ಬರವನ್ನೂ ರಸಗೊಬ್ಬರವನ್ನೂ ಹದವಾಗಿ ಕೊಟ್ಟ ತಾಕುಗಳಲ್ಲಿ ಇಳುವರಿಯೂ ನಿಂತಿದೆ, ಮಣ್ಣಿನ ಇಂಗಾಲವೂ ಉಳಿದಿದೆ. ಹೊರಗಿನವರ ಮಾತು ನಂಬದ ರೈತರನ್ನು ಅಲ್ಲೇ ನಡೆಯುವ ನವೆಂಬರಿನ ಕೃಷಿ ಮೇಳದ ಜಾತ್ರೆಯಿಂದ ಅರ್ಧ ಗಂಟೆ ಬಿಡಿಸಿ ಆ ತಾಕುಗಳ ಮುಂದೆ ನಿಲ್ಲಿಸಬೇಕು.

ಸರ್ಕಾರ ಮಾಡಬಹುದಾದ ಕೆಲಸ ಕಣ್ಣಮುಂದಿದೆ. ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಕೃಷಿಯಲ್ಲಿ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಚೌಕಟ್ಟು ಬಿಡುಗಡೆ ಮಾಡಿತು. ಮಾಡಿದ್ದು ಒಳ್ಳೆಯದು. ಆದರೆ ಆ ಚೌಕಟ್ಟಿನ ನೆರಳು ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದವರೆಗೆ ಬಂದಿಲ್ಲ. ರಾಜ್ಯ ಸರ್ಕಾರ ಕೂಡಲೇ ನಿಯಮ ಮಾಡಬೇಕು: ಕನ್ನಡದ ಒಪ್ಪಂದವಿಲ್ಲದೆ, ರೈತನಿಗೆ ಸಿಗುವ ಪಾಲು ಮತ್ತು ಹಣ ಬರುವ ದಿನ ಬರೆಯದೆ, ಗ್ರಾಮಸಭೆಯಲ್ಲಿ ಓದಿ ಹೇಳದೆ ಯಾವ ಕಂಪನಿಯೂ ಸಹಿ ಪಡೆಯುವಂತಿಲ್ಲ. ಬರದ ವರ್ಷದ ನಷ್ಟ ರೈತನ ತಲೆಗೆ ಬರುವಂತಿಲ್ಲ.

ಹಣ ಕೊಡುವುದಾದರೆ ಕೆಲಸಕ್ಕೆ ನೇರವಾಗಿ ಕೊಡಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ಹಣ ಕೊಡುವ ಪದ್ಧತಿ 2011-12ರಿಂದಲೇ ನಮ್ಮಲ್ಲಿದೆ. ಸಸಿ ಇದೆಯೋ ಇಲ್ಲವೋ ಎಂದು ನೋಡಲು ಉಪಗ್ರಹ ಬೇಕಿಲ್ಲ. ಸೆಣಬು, ಡಯಾಂಚ ಬಿತ್ತಿ ಮಗುಚಿದವರಿಗೆ, ಅಕ್ಕಡಿ ಸಾಲು ಉಳಿಸಿಕೊಂಡವರಿಗೆ, ತರಗು ಸುಡದವರಿಗೆ ಹಾಗೇ ಕೊಡಬಹುದು. ಒಂದು ಎಕರೆ ಕಬ್ಬಿನಲ್ಲಿ ಮೂರು ನಾಲ್ಕು ಟನ್ ತರಗು ಉಳಿಯುತ್ತದೆ, ಬೆಳಗಾವಿ ಕಡೆಯವರು ರವದಿ ಎನ್ನುತ್ತಾರೆ. ರೈತ ಅದನ್ನು ಸುಡುವುದು ತಿಳಿವಳಿಕೆ ಇಲ್ಲದ್ದಕ್ಕಲ್ಲ. ಕೂಳೆಗೆ ನೀರು ಬಿಡಬೇಕು, ತರಗನ್ನು ಸಾಲಿಗೆ ಕೂಡಿಸಲು ಆಳು ಸಿಗುವುದಿಲ್ಲ, ಬೆಂಕಿಕಡ್ಡಿ ಅಗ್ಗ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ತರಗು ಪುಡಿಮಾಡುವ ಯಂತ್ರ ಕಟಾವಿನ ದಿನಗಳಲ್ಲಿ ಬಾಡಿಗೆಗೆ ಸಿಕ್ಕರೆ ಅವನಿಗೆ ಬೇರೆ ಉಪನ್ಯಾಸ ಬೇಡ.

ಕ್ರೆಡಿಟ್ ಮಾರಲೇಬೇಕೆಂದರೆ ಅದಕ್ಕೂ ದಾರಿ ನಮ್ಮ ನೆಲದಲ್ಲೇ ಇದೆ. ಬಾಗೇಪಲ್ಲಿಯ ಕೂಲಿ ಸಂಘ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆಯನ್ನು 2005ರಲ್ಲೇ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಲ್ಲಿ ನೋಂದಾಯಿಸಿತು. ಅಲ್ಲಿ ಯೋಜನೆಯ ಒಡೆಯರು ಕೂಲಿ ಮಾಡುವವರೇ, ಸಂಘವೂ ಅವರದೇ. ಇಂದಿನ ರೈತ ಉತ್ಪಾದಕ ಕಂಪನಿಗಳಿಗೆ, ಹಾಲಿನ ಸಂಘಗಳಿಗೆ ಅದೇ ಶಕ್ತಿ ಕೊಡಿ.

ಯುವಜನರ ಮಾತಿಗೆ ಬರುತ್ತೇನೆ. ಕೃಷಿ ಪದವಿಯ ಕೊನೆಯ ವರ್ಷದವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ತಿಂಗಳುಗಟ್ಟಲೆ ಹಳ್ಳಿಯಲ್ಲಿ ತಂಗುತ್ತಾರೆ. 2009ರ ಭೂಚೇತನ ಕಾರ್ಯಕ್ರಮದಲ್ಲಿ ಊರಿನ ರೈತ ಅನುವುಗಾರರೇ ಸತು, ಬೋರಾನ್, ಗಂಧಕದ ಕೊರತೆಯನ್ನು ಮನೆಮನೆಗೆ ತಿಳಿಸಿದ್ದರು. ಈ ಇಬ್ಬರನ್ನೂ ಜೊತೆಗೂಡಿಸಿ. ಪ್ರತಿ ಪಂಚಾಯಿತಿಯಲ್ಲಿ ಐದಾರು ಮಂದಿ ಹುಡುಗ ಹುಡುಗಿಯರಿಗೆ ಮಣ್ಣು ತೆಗೆಯುವುದು, ಅಳೆಯುವುದು, ಫಲಿತಾಂಶ ಓದಿ ಹೇಳುವುದು, ಒಪ್ಪಂದ ಓದುವುದು ಕಲಿಸಿ, ಸಂಬಳ ಕೊಡಿ. ಸಂಬಳವಿಲ್ಲದೆ ಘೋಷಣಾ ಫಲಕ ಹಿಡಿಸಿ ಜಾಥಾ ಮಾಡಿಸಿದರೆ ಅವರು ಫೋಟೊ ತೆಗೆಸಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅದು ಅವರ ತಪ್ಪಲ್ಲ.

ನಮ್ಮೂರ ಹದಿನಾಲ್ಕು ಮಂದಿಗೆ ಇಂದಿನವರೆಗೂ ಒಪ್ಪಂದದ ಪ್ರತಿ ಬಂದಿಲ್ಲ. ಓದುಗರಲ್ಲಿ ರೈತರಿದ್ದರೆ, ರೈತರ ಮಕ್ಕಳಿದ್ದರೆ ಕೈಮುಗಿದು ಕೇಳುತ್ತೇನೆ: ಈ ಕಟಾವಿನಲ್ಲಿ ತರಗಿಗೆ ಬೆಂಕಿ ಇಡಬೇಡಿ. ಕನ್ನಡದ ಪ್ರತಿ ಕೈಗೆ ಬಂದು, ಮನೆಯಲ್ಲಿ ಕೂತು ಪೂರ್ತಿ ಓದುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.