ಅರ್ಜಿ ಯಾವ ದೇಶದ ದೂತಾವಾಸಕ್ಕೆ?

ಜರ್ಮನಿಯಲ್ಲಿ ನೆಲೆಸಿದ ಮಗಳನ್ನು ಕಾಣಲು ಬದಿಯಡ್ಕದ ದಂಪತಿ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮಗಳ ಮನೆಯಲ್ಲಿ ಹತ್ತು ದಿನ, ಪ್ಯಾರಿಸಿನಲ್ಲಿ ಮೂರು, ರೋಮಿನಲ್ಲಿ ಎರಡು. ವಿಮಾನ ಮೊದಲು ಇಳಿಯುವುದು ಪ್ಯಾರಿಸಿನಲ್ಲಿ. ಹಾಗಾದರೆ ಅರ್ಜಿ ಫ್ರಾನ್ಸಿಗೆ ಸಲ್ಲಬೇಕೆಂದು ಹಲವರು ನಂಬುತ್ತಾರೆ. ಆ ನಂಬಿಕೆ ಸರಿಯಲ್ಲ.

ಷೆಂಗೆನ್ ವಲಯದ 29 ದೇಶಗಳಿಗೆ ಒಂದೇ ವೀಸಾ ಸಾಕು. ಲಂಡನ್ ಆ ವಲಯದಲ್ಲಿಲ್ಲ. ಅದಕ್ಕೆ ಬೇರೆ ವೀಸಾ ಬೇಕು. 2009ರ ವೀಸಾ ಸಂಹಿತೆಯಂತೆ ಅರ್ಜಿಯನ್ನು ಪರಿಶೀಲಿಸತಕ್ಕದ್ದು ಪ್ರವಾಸದ ಮುಖ್ಯ ದೇಶ. ತಂಗುವ ದಿನಗಳ ಸಂಖ್ಯೆ ಅಥವಾ ಪ್ರವಾಸದ ಉದ್ದೇಶ ಅದನ್ನು ನಿರ್ಣಯಿಸುತ್ತದೆ. ಮುಖ್ಯ ದೇಶವನ್ನು ಗುರುತಿಸಲಾಗದಿದ್ದಾಗ ಮಾತ್ರ ಮೊದಲು ಪ್ರವೇಶಿಸುವ ದೇಶ ಪರಿಗಣನೆಗೆ ಬರುತ್ತದೆ. ಮೇಲಿನ ದಂಪತಿಗೆ ಎರಡು ಲೆಕ್ಕದಲ್ಲಿಯೂ ಜರ್ಮನಿಯೇ.

ಕಾಸರಗೋಡಿನವರಿಗೆ ಇನ್ನೊಂದು ತೊಡಕುಂಟು. ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರು ಹತ್ತಿರ. ಆದರೆ ವಿಳಾಸ ಕೇರಳದ್ದು. ದೂತಾವಾಸದ ವ್ಯಾಪ್ತಿ ಅರ್ಜಿದಾರರ ವಾಸಸ್ಥಳವನ್ನು ಅವಲಂಬಿಸುವುದರಿಂದ, ಬೆಂಗಳೂರಿಗೆ ಹೋಗಬೇಕೋ ಕೊಚ್ಚಿಗೋ ಎಂಬುದನ್ನು ಆಯಾ ದೇಶದ ಅಧಿಕೃತ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಬೇಗನೆ ದಿನಾಂಕ ಸಿಗುವ ದೇಶದ ಹೆಸರಿನಲ್ಲಿ ಹುಸಿಯಾಗಿ ಕೊಠಡಿ ಕಾದಿರಿಸಿ ಅರ್ಜಿ ಹಾಕಿಸುವ ದಲ್ಲಾಳಿಗಳಿದ್ದಾರೆ. ಸುಳ್ಳು ಬಯಲಾದರೆ ವೀಸಾ ನಿರಾಕೃತವಾದೀತು, ದೊರೆತದ್ದೂ ರದ್ದಾದೀತು. ವಯಸ್ಕರು ತೆತ್ತ 90 ಯೂರೋ ಶುಲ್ಕ ಮರಳದು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿರುವಾಗ ಅಡ್ಡದಾರಿಯ ಅಗತ್ಯವೇನು? ಏಪ್ರಿಲ್ ರಜೆಯ ಪ್ರವಾಸಕ್ಕೆ ಅಕ್ಟೋಬರಿನಲ್ಲಿಯೇ ಸಿದ್ಧತೆ ಆರಂಭವಾಗಲಿ. ಯಾವ ದೇಶದಲ್ಲಿ ಎಷ್ಟು ದಿನವೆಂದು ಕಾಗದದ ಮೇಲೆ ಬರೆದುಕೊಳ್ಳುವುದೇ ಮೊದಲ ಕೆಲಸ.