ಖರ್ಚು ಯಾರಿಗೆ ಅಡ್ಡಿ?

ದುಡಿಯುವವನು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಯಾವಾಗ? ಕಣ್ಣು ಹಳದಿಯಾದಾಗ, ಕಾಲು ಊದಿದಾಗ, ಹೊಟ್ಟೆಯಲ್ಲಿ ನೀರು ತುಂಬಿದಾಗ. ಅಷ್ಟು ಹೊತ್ತಿಗೆ ಅವನ ಯಕೃತ್ತು, ಡಾಕ್ಟರ ಮಾತಿನಲ್ಲಿ ಲಿವರ್, ಕಲ್ಲಾಗಿರುತ್ತದೆ. “ಮೊದಲೇ ಏಕೆ ಬರಲಿಲ್ಲ?” ಎಂದು ಗದರುತ್ತಾರೆ. ಮೊದಲೇ ಬಂದಿದ್ದರೆ ನೋಡಲು ಅಲ್ಲಿ ಸಾಧನವಿತ್ತೆ? ಈ ಪ್ರಶ್ನೆಯನ್ನು ನಾವು ತಿರುಗಿ ಕೇಳಬೇಕಾಗಿದೆ.

ಯಕೃತ್ತು ನೋವೆಂದು ಕೂಗುವ ಅಂಗವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸು, ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ, ಯಾವುದರಿಂದ ಏಟು ಬಿದ್ದರೂ ಸುಮ್ಮನೆ ತಿನ್ನುತ್ತದೆ. ಗಾಯವಾದ ಕಡೆ ನಾರು ಬೆಳೆಯುತ್ತದೆ. ಮೆತ್ತಗಿದ್ದುದು ವರ್ಷಗಟ್ಟಲೆ ಬಿರುಸಾಗುತ್ತ ಹೋಗುತ್ತದೆ. ಕೊನೆಯ ಹಂತವೇ ಸಿರೋಸಿಸ್. ಇದನ್ನು ಕುಡುಕರ ಕಾಯಿಲೆಯೆಂದು ಮೂಗು ಮುರಿಯುವವರು ತಿಳಿಯಲಿ: ಒಂದು ಹನಿ ಹೆಂಡ ಮುಟ್ಟದ ತಾಯಿಗೂ, ಹಗಲಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಂಗಡಿಯವನಿಗೂ ಇದು ಬರುತ್ತದೆ. ನಡುವಿನ ವರ್ಷಗಳಲ್ಲಿ ಗೊತ್ತಾದರೆ ತಡೆಯಬಹುದು. ಕಾರಣವನ್ನು ತೆಗೆದರೆ ನಾರು ಎಷ್ಟೋ ಸಲ ಹಿಂದೆ ಸರಿಯುವುದೂ ಉಂಟು.

ಗೊತ್ತುಮಾಡುವ ವಿದ್ಯೆ ಇದೆ. ಅದರ ಹೆಸರು ಎಲಾಸ್ಟೋಗ್ರಫಿ. ಅಂಗಡಿಯವನು ಮಾವಿನಹಣ್ಣನ್ನು ಅದುಮಿ ನೋಡುವ ವಿದ್ಯೆಯೇ ಇದು. ಕೈಗೆ ಬದಲು ಯಂತ್ರ. ಬಲಗಡೆಯ ಪಕ್ಕೆಲುಬಿನ ಸಂದಿಗೆ ಸಾಧನವನ್ನಿಟ್ಟು ಮೆಲ್ಲಗೆ ಒಂದು ತಟ್ಟು ತಟ್ಟುತ್ತಾರೆ. ಆ ಅಲೆ ಯಕೃತ್ತಿನೊಳಗೆ ಎಷ್ಟು ವೇಗವಾಗಿ ಸಾಗಿತೆಂಬುದನ್ನು ಅಲ್ಟ್ರಾಸೌಂಡ್ ಅಳೆಯುತ್ತದೆ. ಮಗ್ಗದ ಮೇಲೆ ಸಡಿಲವಾದ ಎಳೆಯಲ್ಲಿ ಕಂಪನ ನಿಧಾನ, ಬಿಗಿಯಾದ ಎಳೆಯಲ್ಲಿ ಬಿರುಸು. ಅಂಗವೂ ಗಟ್ಟಿಯಾದಷ್ಟು ಅಲೆ ಬೇಗ ಓಡುತ್ತದೆ. ಅಳತೆ ಕಿಲೋಪ್ಯಾಸ್ಕಲ್‌ನಲ್ಲಿ. ಆರೋಗ್ಯವಂತನದು ಸುಮಾರು 5. ಹೆಪಟೈಟಿಸ್ ಬಿ ಇದ್ದವನಿಗೆ 7 ದಾಟಿದರೆ ಎಚ್ಚರ, 12.5 ದಾಟಿದರೆ ಸಿರೋಸಿಸ್ಸಿನ ಸೂಚನೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾತು. ಹತ್ತು ಸಲ ತಟ್ಟಿ ನಡುವಿನ ಅಂಕಿಯನ್ನು ಹಿಡಿಯುತ್ತಾರೆ. ಹತ್ತು ನಿಮಿಷದ ಕೆಲಸ, ಸೂಜಿಯಿಲ್ಲ, ರಕ್ತವಿಲ್ಲ. ಹಿಂದೆ ಇದಕ್ಕೆ ದಪ್ಪ ಸೂಜಿ ಚುಚ್ಚಿ ತುಣುಕು ತೆಗೆಯುತ್ತಿದ್ದರು. ಆ ತುಣುಕು ಇಡೀ ಯಕೃತ್ತಿನ 50,000 ಪಾಲಿನಲ್ಲಿ ಒಂದು ಪಾಲು. ವರ್ಷವರ್ಷವೂ ಸೂಜಿಗೆ ಯಾರು ಒಡ್ಡಿಕೊಂಡಾರು? ಸ್ತನದ ಗಂಟು, ಥೈರಾಯ್ಡಿನ ಗಂಟುಗಳ ಗಟ್ಟಿತನವನ್ನು ಅರಿಯಲೂ ಇದೇ ವಿದ್ಯೆ ನೆರವಾಗುತ್ತದೆ.

ಫ್ರಾನ್ಸಿನ ವಿಜ್ಞಾನಿಗಳು ಯಕೃತ್ತಿನ ಈ ಅಳತೆಯನ್ನು 2003ರಲ್ಲಿ ಲೋಕದ ಮುಂದಿಟ್ಟರು. ಇಪ್ಪತ್ತು ವರ್ಷ ಮೀರಿತು. ಇಂದು ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳು ಇದನ್ನು “ಪ್ಯಾಕೇಜು” ಕಟ್ಟಿ ಮಾರುತ್ತಿವೆ. ರೋಗವಿಲ್ಲದ ಶ್ರೀಮಂತ ತಿಂಡಿಗೆ ಮುಂಚೆ ಹೋಗಿ ಅಳೆಸಿಕೊಂಡು ಬರುತ್ತಾನೆ. ರೋಗವಿರುವ ಬಡವನಿಗೆ ಹೆಸರೇ ಗೊತ್ತಿಲ್ಲ!

2015ರಲ್ಲಿ ಹೆಪಟೈಟಿಸ್ ಬಿ ಕುರಿತು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು: ಖರ್ಚು ದೊಡ್ಡ ಅಡ್ಡಿಯಾಗದ ಕಡೆ ಈ ಯಂತ್ರವನ್ನು ಬಳಸಬಹುದು, ಉಳಿದ ಕಡೆ ರಕ್ತಪರೀಕ್ಷೆಯ ಲೆಕ್ಕ ಸಾಕು. ಖರ್ಚು ಯಾರಿಗೆ ಅಡ್ಡಿ? 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಬಿ ಮತ್ತು ಸಿ ರೋಗಕ್ಕೆ ಪರೀಕ್ಷೆ, ಔಷಧಿ ಉಚಿತವೆಂದಿತು. 2021ರಲ್ಲಿ ಕೊಬ್ಬಿನ ಯಕೃತ್ತನ್ನೂ ಸಾಂಕ್ರಾಮಿಕವಲ್ಲದ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿತು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಔಷಧಿ ಎಲ್ಲರದಾಗಿ, ಅಳತೆ ಮಾತ್ರ ಹಣವಂತನ ಸ್ವತ್ತಾಗಬೇಕೆ?

“ಯಂತ್ರ ದುಬಾರಿ” ಎನ್ನುತ್ತಾರೆ. ಸರಿ, ಲೆಕ್ಕ ಹಾಕೋಣ. ಹೊಟ್ಟೆಯ ನೀರು ತೆಗೆಸಲು ಮತ್ತೆ ಮತ್ತೆ ಆಸ್ಪತ್ರೆ, ಹೋದ ಕೂಲಿ, ಒತ್ತೆಯಿಟ್ಟ ಅಂಗಡಿ, ಶಾಲೆ ಬಿಟ್ಟ ಮಗ. ಯಕೃತ್ತು ಬದಲಿಸುವ ಮಾತು ಬಂದರೆ ಲಕ್ಷಗಟ್ಟಲೆ. ಇದು ಯಾರ ಲೆಕ್ಕದ ಪುಸ್ತಕದಲ್ಲಿದೆ? 2018ರಲ್ಲಿ ಬಂದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಒಳರೋಗಿಗಳಿಗಾಗಿ ಹುಟ್ಟಿದ್ದು. ಹಾಸಿಗೆ ಹಿಡಿದವನಿಗೆ ಹಣ, ಹಿಡಿಯದಂತೆ ನೋಡಿಕೊಳ್ಳಲು ಬಂದವನಿಗೆ ಇಲ್ಲ! ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಮುಚ್ಚಿದ ಹಾಗೆ.

ಯಂತ್ರವನ್ನು ದೇವರೆಂದು ಪೂಜಿಸಿರೆಂದು ನಾವು ಹೇಳುವುದಿಲ್ಲ. ಊಟ ಮಾಡಿ ಹೋದರೆ ಅಂಕಿ ಏರುತ್ತದೆ; ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿಯಿರಬೇಕು. ಕಾಮಾಲೆಯ ಉರಿಯಲ್ಲಿಯೂ ಏರುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ತಟ್ಟುವ ಯಂತ್ರಕ್ಕೆ ಅಳತೆ ಸಿಕ್ಕುವುದಿಲ್ಲ. ಒಂದು ಅಂಕಿ ತೋರಿಸಿ ಹೆದರಿಸಿ ಟಾನಿಕ್ಕು ಮಾರುವವರಿಂದ ದೂರವಿರಿ. ಎಲ್ಲರಿಗೂ ಯಂತ್ರ ಬೇಕಿಲ್ಲ. ವಯಸ್ಸು, ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ., ಪ್ಲೇಟ್‌ಲೆಟ್ಟು, ಈ ನಾಲ್ಕರಿಂದ “ಫಿಬ್-4” ಎಂಬ ಲೆಕ್ಕ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯೇ ಜರಡಿ ಹಿಡಿಯಲಿ. ಜರಡಿಯಲ್ಲಿ ನಿಂತವರನ್ನು ಯಂತ್ರದ ಮುಂದೆ ಕಳಿಸಲಿ. ಯಂತ್ರವಿಲ್ಲವೆಂಬ ನೆಪದಲ್ಲಿ ಜರಡಿಯನ್ನೂ ಹಿಡಿಯದಿರುವುದು ಎರಡನೆಯ ಅನ್ಯಾಯ.

ನಾವು ಕೇಳುವುದಿಷ್ಟೆ:

1. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈ ಯಂತ್ರವಿರಲಿ; ಅದನ್ನು ನಡೆಸಲು ಕಲಿತ ಕೈಯೂ ಇರಲಿ. ಬೀಗ ಹಾಕಿದ ಕೋಣೆಯ ಯಂತ್ರ ನಮಗೆ ಬೇಡ.

2. 2019ರಲ್ಲಿ ಗೊತ್ತಾದ ದರದಂತೆ ಇ.ಎಸ್.ಐ.ಗೆ ನೂರು ರೂಪಾಯಿ ಕೂಲಿಯಲ್ಲಿ 75 ಪೈಸೆ ಕಾರ್ಮಿಕನದು, ಮೂರೂಕಾಲು ರೂಪಾಯಿ ಮಾಲೀಕನದು. ಆ ಹಣದಲ್ಲಿ ಈ ಪರೀಕ್ಷೆಯೂ ನಡೆಯಲಿ, ಪಾಳಿಗೆ ಮುಂಚಿನ ಬೆಳಗಿನಲ್ಲಿ ನಡೆಯಲಿ, ಕೂಲಿ ಹೋಗದಿರಲಿ.

3. ಇ.ಎಸ್.ಐ. ಇಲ್ಲದ ಸಣ್ಣ ವ್ಯಾಪಾರಿ, ತಳ್ಳುಗಾಡಿಯವನಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಆಗಲಿ.

ಬಂಧುಗಳೆ, ಈ ವಾರವೇ ನಾಲ್ಕು ಜನ ಕೂಡಿ ನಿಮ್ಮ ಆಸ್ಪತ್ರೆಗೆ ಹೋಗಿ. “ಯಕೃತ್ತನ್ನು ಅಳೆಯುವ ಯಂತ್ರ ಇದೆಯೆ? ವಾರಕ್ಕೆ ಎಷ್ಟು ದಿನ ನಡೆಯುತ್ತದೆ? ಎಷ್ಟು ಹಣ?” ಎಂದು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಇದೆಯೆಂದರೆ ಸಾಲಿನಲ್ಲಿ ನಿಲ್ಲಿ. ಇಲ್ಲವೆಂದರೆ ಆ ಕಾಗದ ಹಿಡಿದು ಜಿಲ್ಲಾಧಿಕಾರಿಯ ಬಾಗಿಲಿಗೆ ನಡೆಯಿರಿ. ಹೊಟ್ಟೆ ಊದುವ ತನಕ ಕಾಯುವ ಸರದಿ ಇನ್ನು ನಮ್ಮದಲ್ಲ.