‘ಪ್ಯೂರ್’ ಹಳ್ಳಿ ನೋಡೋಕೆ ಹೋದ ಬುಧವಾರ

1/5
ಹಿಂದಿನ ಪೋಸ್ಟ್‌ಗೆ ನಮ್ಮ ಕ್ಲಾಸಿನವನೇ ಒಬ್ಬ ಕಾಮೆಂಟ್ ಹಾಕಿದ್ದ: “ಫ್ರಾನ್ಸ್ ಹಳ್ಳಿಯವರನ್ನ ನೋಡಿ ಕಲೀಬೇಕು. ಹೊರಗಿನದ್ದು ಏನೂ ಸೇರಿಸದೆ ಎಲ್ಲಾ ಪ್ಯೂರಾಗಿ ಇಟ್ಕೊಂಡಿದಾರೆ.” ಹೆಸರು ಹೇಳಲ್ಲ, ಅವನಿಗೆ ಗೊತ್ತು. ಅದಕ್ಕೆ ಸಿಕ್ಕಾಪಟ್ಟೆ ಲೈಕ್. ನಾನೂ ಯೋಚನೆ ಮಾಡದೆ ಹಾರ್ಟ್ ಒತ್ತಿದ್ದೆ. ಇವತ್ತು ಆ ಹಾರ್ಟ್ ವಾಪಸ್ ತಗೊಂಡಿದೀನಿ. ಯಾಕೆ ಅಂತ ಒಂದು ಕ್ಯಾಪ್ಶನ್‌ನಲ್ಲಿ ಹಿಡಿಯಲ್ಲ, ಅದಕ್ಕೇ ಐದು. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

2/5
ಅವಿನ್ಯೋನಿಂದ ಬಸ್ ಹತ್ತಿದರೆ ಸುಮಾರು 20 ಕಿಲೋಮೀಟರ್, ಸಾಂ-ರೆಮಿ-ದ-ಪ್ರೊವಾನ್ಸ್. ಪ್ರತಿ ಬುಧವಾರ ಬೆಳಗ್ಗೆ ಹಳೇ ಊರಿನ ಬೀದಿಗಳಲ್ಲಿ ಸಂತೆ. ಆಲಿವ್ ತುಂಬಿದ ಟಬ್ಬುಗಳು, ಮೇಕೆ ಹಾಲಿನ ಚೀಸು, ಲ್ಯಾವೆಂಡರ್ ತುಂಬಿದ ಪುಟ್ಟ ಚೀಲಗಳು. ನಾನು ನಿಂತಿದ್ದು ಟೇಬಲ್ ಮೇಲೆ ಹಾಸೋ ಬಟ್ಟೆಗಳ ಅಂಗಡಿ ಮುಂದೆ. ಹಳದಿ ಬಟ್ಟೆ, ಅದರ ತುಂಬಾ ಮಾವಿನಕಾಯಿ ಬುಟ್ಟಾ! ನಮ್ಮಜ್ಜಿ ಸೀರೆ ಸೆರಗಲ್ಲಿ ಇರೋದೇ. ಅಂಗಡಿ ಮೇಡಂ ತುಂಬಾ ಹೆಮ್ಮೆಯಿಂದ “ಇದು ಅಪ್ಪಟ ಪ್ರೊವಾನ್ಸ್ ಡಿಸೈನ್” ಅಂದ್ರು.

ಇದನ್ನ ಇಲ್ಲಿ ಏನಂತ ಕರೀತಾರೆ ಗೊತ್ತಾ? ‘ಆಂದ್ಯೆನ್’. ಅಂದ್ರೆ ‘ಇಂಡಿಯಾದ್ದು’. 17ನೇ ಶತಮಾನದಲ್ಲಿ ಗುಜರಾತ್‌ನಿಂದ, ಕೋರಮಂಡಲ ಕರಾವಳಿಯಿಂದ ಬಣ್ಣ ಹೋಗದ ಅಚ್ಚಿನ ಹತ್ತಿ ಬಟ್ಟೆ ಹಡಗಲ್ಲಿ ಬಂತು. ಜನ ಹುಚ್ಚೆದ್ದು ಕೊಂಡರು. ರೇಷ್ಮೆ, ಉಣ್ಣೆಯವರಿಗೆ ಹೊಟ್ಟೆಗೆ ಬೆಂಕಿ ಬಿತ್ತು. 1686ರಲ್ಲಿ ಸರ್ಕಾರ ಬ್ಯಾನ್ ಮಾಡ್ತು. ತರೋದಷ್ಟೇ ಅಲ್ಲ, ಫ್ರಾನ್ಸ್‌ನಲ್ಲೇ ಅದರ ಥರ ಅಚ್ಚು ಹಾಕೋದೂ ಬ್ಯಾನ್. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಕೊನೆಗೆ 1759ರಲ್ಲಿ ಬ್ಯಾನ್ ತೆಗೆದರು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ‘ಹೊರಗಿನದ್ದು, ಬೇಡ’ ಅಂತ ಒದ್ದಾಡಿದ ಬಟ್ಟೆ ಇವತ್ತು ಈ ಊರಿನ ಗುರುತು. ಪಕ್ಕದ ಅಂಗಡಿಯ ಟೊಮೇಟೊ ಅಮೆರಿಕ ಖಂಡದಿಂದ ಬಂದ ಗಿಡ ಅನ್ನೋದನ್ನ ಬಿಡಿ, ಅದು ನಮ್ಮ ಸಾರಿಗೂ ಅನ್ವಯ.

(ಬಟ್ಟೆ ತಗೊಳ್ಳಲಿಲ್ಲ. ಸ್ಟೂಡೆಂಟ್ ಬಜೆಟ್.)

3/5
ಊರಿಂದ ಸ್ವಲ್ಪ ದೂರ ನಡೆದರೆ ಸಾಂ-ಪೋಲ್-ದ-ಮೊಸೋಲ್, ವ್ಯಾನ್ ಗೋ ಇದ್ದ ಮಾನಸಿಕ ಆಸ್ಪತ್ರೆ. ಅವನು ಇಲ್ಲಿಗೆ ಯಾಕೆ ಬಂದ ಅನ್ನೋದನ್ನ ಫ್ರಿಜ್ ಮ್ಯಾಗ್ನೆಟ್ ಹೇಳಲ್ಲ. ಡಚ್ ಮನುಷ್ಯ, ಹತ್ತಿರದ ಆರ್ಲ್ ಊರಲ್ಲಿದ್ದ. ಕಿವಿ ಕೊಯ್ದುಕೊಂಡಿದ್ದ, ಹುಷಾರಿರಲಿಲ್ಲ, ನಿಜ. 1889ರಲ್ಲಿ ಅಲ್ಲಿನ ಸುಮಾರು ಮೂವತ್ತು ಜನ ಸಹಿ ಹಾಕಿ, ಇವನನ್ನ ಇಲ್ಲಿಂದ ಸಾಗಿಹಾಕಿ ಅಂತ ಮೇಯರ್‌ಗೆ ಅರ್ಜಿ ಕೊಟ್ಟರು. ಮೇ ತಿಂಗಳಲ್ಲಿ ತಾನಾಗೇ ಇಲ್ಲಿಗೆ ಬಂದು ಸೇರಿದ. ಒಂದು ವರ್ಷದಲ್ಲಿ ಸುಮಾರು 150 ಚಿತ್ರ. ‘ಸ್ಟಾರಿ ನೈಟ್’ ಇಲ್ಲೇ ಬರೆದಿದ್ದು. ಆದ್ರೆ ಮೂಲ ಚಿತ್ರ ಇರೋದು ನ್ಯೂಯಾರ್ಕ್‌ನಲ್ಲಿ. ಇಲ್ಲಿ ಗೋಡೆ ಮೇಲೆ ಪ್ರಿಂಟು, ಮತ್ತೆ ಅವನ ರೂಮು ಹೀಗಿತ್ತು ಅಂತ ತೋರಿಸೋಕೆ ಮಂಚ ಹಾಕಿಟ್ಟಿರೋ ಒಂದು ಕೋಣೆ.

ಊರು ಬಿಡಿಸಬೇಕು ಅಂದುಕೊಂಡವನ ಹೆಸರಲ್ಲಿ ಇವತ್ತು ಇಡೀ ಸೀಮೆ ಮಗ್ಗು, ಛತ್ರಿ, ಸಾಕ್ಸ್ ಮಾರ್ತಿದೆ. ಮಂಚದ ಫೋಟೊ ತೆಗೆಯೋಕೆ ಕ್ಯೂ. ಈ ಜಾಗದಲ್ಲಿ ಇವತ್ತಿಗೂ ಮನೋರೋಗಗಳಿಗೆ ಚಿಕಿತ್ಸೆ ನಡೀತಿದೆ. ಚಿಕಿತ್ಸೆ ಪಡೆಯೋ ಹೆಂಗಸರು ಬರೆದ ಚಿತ್ರಗಳನ್ನೂ ಅಲ್ಲೇ ಇಟ್ಟಿದಾರೆ. ಅವುಗಳ ಮುಂದೆ ನಾನು ನಿಂತಿದ್ದಷ್ಟು ಹೊತ್ತು ಬೇರೆ ಯಾರೂ ಬರಲಿಲ್ಲ. ಮೂರನೇ ಫೋಟೊ ಅಲ್ಲಿಯ ಖಾಲಿ ಬೆಂಚು.

4/5
ಮಧ್ಯಾಹ್ನ ಲೆ ಬೋ-ದ-ಪ್ರೊವಾನ್ಸ್. ಬಂಡೆ ತುದಿಯಲ್ಲಿ ಕಲ್ಲಿನ ಊರು, ಮೇಲೆ ಪಾಳುಬಿದ್ದ ಕೋಟೆ. ಬಾಕ್ಸೈಟ್ ಅದಿರಿಗೆ ಹೆಸರು ಬಂದಿದ್ದು ಈ ಊರಿಂದ. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಅಂತ 1982ರಲ್ಲಿ ಶುರುವಾದ ಒಂದು ಸಂಘ ಇದೆ, ಇದು ಅದರ ಪಟ್ಟಿಯಲ್ಲಿದೆ. ಪಟ್ಟಿ ಸೇರಬೇಕಾದ್ರೆ ಜನಸಂಖ್ಯೆ 2000 ಮೀರಬಾರದು, ಕನಿಷ್ಠ ಎರಡು ಸಂರಕ್ಷಿತ ಜಾಗ ಇರಬೇಕು.

ಇಲ್ಲಿ ನನ್ನ ಕಾಮೆಂಟ್ ಸ್ನೇಹಿತನಿಗೆ ಅರ್ಧ ಮಾರ್ಕ್ಸ್ ಕೊಡ್ತೀನಿ. ಕಲ್ಲು ಗೋಡೆ ಬಿದ್ದರೆ ಕಲ್ಲಲ್ಲೇ ಕಟ್ತಾರೆ, ಫ್ಲೆಕ್ಸ್ ಹಾಕಲ್ಲ. ಅದನ್ನ ನಾವು ಕಲೀಬೇಕು, ಒಪ್ಪಿದೆ. ಆದ್ರೆ ಅದು ಜೋಪಾನ ಕಣೋ, ಪ್ಯೂರ್ ಅಲ್ಲ. ಸಂಜೆ ಆರಕ್ಕೆ ಅಂಗಡಿಯವರು ಬೀಗ ಹಾಕ್ಕೊಂಡು ಕೆಳಗೆ ಇಳಿದು ಹೋದ್ರು. ಬಂಡೆ ಮೇಲಿನ ಊರಲ್ಲಿ ವಾಸ ಇರೋರು ಬೆರಳೆಣಿಕೆ. ಒಣಗಿಸೋಕೆ ಹಾಕಿದ ಒಂದು ಬಟ್ಟೆಯೂ ನನಗೆ ಕಾಣಲಿಲ್ಲ. ನಿನಗೆ ರೀಲ್‌ನಲ್ಲಿ ಇಷ್ಟ ಆಗಿದ್ದು ಅದೇ ಅಲ್ವಾ, “ಎಷ್ಟು ಕ್ಲೀನ್!” ಅಂತ?

5/5
ಅವಿನ್ಯೋಗೆ ವಾಪಸ್. ಸೈಪ್ರೆಸ್ ಮರಗಳ ಸಾಲು, ಮಧ್ಯೆ ಹಣ್ಣಿನ ತೋಟ, ತರಕಾರಿ. ಬಸ್ಸಲ್ಲಿ ಪಕ್ಕ ಕೂತ ಅಂಕಲ್ ಮೊರಾಕೊದವರು, ಪೀಚ್ ಬಿಡಿಸೋ ಕೆಲಸ, ಸೀಸನ್ ಮುಗಿದ ಮೇಲೆ ವಾಪಸ್ ಹೋಗಬೇಕು. ಈ ಸೀಮೆಯ ತೋಟಗಳು ಎಷ್ಟೋ ವರ್ಷದಿಂದ ಇಂಥ ಸೀಸನ್ ಕೂಲಿಯವರ ಕೈಮೇಲೇ ನಡೀತಿವೆ. ಬೆಳಗ್ಗೆ ಸಂತೆಯಲ್ಲಿ ನಾನು ಫೋಟೊ ತೆಗೆದ ಪೀಚ್ ಬುಟ್ಟಿ ತೋರಿಸಿದೆ. ನಕ್ಕು, ಬೆಲೆ ಎಷ್ಟು ಹಾಕಿದ್ರು ಅಂತ ಕೇಳಿದ್ರು. ಹೇಳಿದೆ. ಮತ್ತೆ ನಗಲಿಲ್ಲ.

ಈಗ ನೀನು ಹೇಳು. ಮಾವಿನಕಾಯಿ ಬುಟ್ಟಾ ತೆಗಿ, ಡಚ್ಚಿನವನನ್ನ ತೆಗಿ, ಈ ಅಂಕಲ್‌ನೂ ತೆಗಿ. ನಾನು ಬುಧವಾರ ನೋಡಿದ್ದರಲ್ಲಿ ಏನು ಉಳೀತು? ಕಾಮೆಂಟಲ್ಲೇ ಬರಿ, ಡಿಎಂಗೆ ಬರಬೇಡ.

ಅಂಕಲ್ ಫೋಟೊ ಬೇಡ ಅಂದ್ರು. ಅದಕ್ಕೆ ಐದನೇದು ಬರೀ ಬಸ್ ಕಿಟಕಿ.